ಪೆರುವಿನ ಬೆಟ್ಟದಲ್ಲಿ ಹಿರಿಯೂರಿನ ಕಾಯಿ

ಬರಗೇರಮ್ಮ ಎತ್ತಿದ ತೆಂಗಿನಕಾಯಿ ಕಲ್ಲಿಗೆ ಬೀಳುವುದಕ್ಕೆ ಮುಂಚೆ ಕಾವಲುಗಾರ ಓಡಿಬಂದು ಅಡ್ಡ ನಿಂತ. ಪೆರು ದೇಶದ ಆ ಬೆಟ್ಟದ ತುದಿಯಲ್ಲಿದ್ದದ್ದು ಹಳೆಯ ರಾಜರ ಕಾಲದ ಹಾಳುಗುಡಿ. ಅದರ ಒಂದು ಕಲ್ಲಿಗೂ ಪೆಟ್ಟು ಬೀಳಕೂಡದೆಂದು ಕೈಸನ್ನೆಯಲ್ಲೇ ಗದರಿಸಿದ.

ಅವಳ ಗಂಡ ಮುದ್ದಣ್ಣ ಅಲ್ಲೇ ಕುಕ್ಕರಿಸಿದ. ಹಿರಿಯೂರು ಸೀಮೆಯ ಹರಿಯಬ್ಬೆಯ ಕಂಬಳಿ ನೇಕಾರ ಅವನು. ಎಪ್ಪತ್ತನಾಲ್ಕನೇ ಇಸವಿಯ ಉಣ್ಣೆ ಮೇಳಕ್ಕೆಂದು ಸರ್ಕಾರವೇ ಗಂಡಹೆಂಡಿರನ್ನು ಅಷ್ಟು ದೂರ ಕಳಿಸಿತ್ತು. ಬರುವಾಗ ವಿಮಾನ ಎರಡು ಸಲ ದಡಕ್ಕನೆ ಕುಸಿದಾಗ, ಕ್ಷೇಮವಾಗಿ ಇಳಿಸಿದರೆ ಆ ಸೀಮೆಯಲ್ಲಿ ಎಲ್ಲರಿಗಿಂತ ಎತ್ತರದಲ್ಲಿರುವ ದೇವರಿಗೆ ಚೀಲದಲ್ಲಿದ್ದ ಹಿರಿಯೂರಿನ ಕಾಯಿ ಒಡೆಯುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಅದಕ್ಕೇ ಈ ಏರು. ಹತ್ತು ಹೆಜ್ಜೆಗೊಮ್ಮೆ ಉಸಿರು ಸಾಲದೆ ಕೂತು ಎದ್ದು ಬಂದಿದ್ದರು. ಭಾಷೆ ಬಲ್ಲ ಅಧಿಕಾರಿ ಅರ್ಧ ದಾರಿಗೇ ಕೈಚೆಲ್ಲಿ ಕೆಳಗುಳಿದಿದ್ದ.

ಬೇರೆ ಯಾವುದಾದರೂ ಕಲ್ಲು ನೋಡು ಎಂದ ಮುದ್ದಣ್ಣ. ಅವಳು ಎಡಕ್ಕೆ ಹೋದರೆ ಕಾವಲುಗಾರನೂ ಎಡಕ್ಕೆ ಬಂದ, ಬಲಕ್ಕೆ ಹೋದರೆ ಬಲಕ್ಕೆ. ಅವನ ಪಾಲಿಗೆ ಬೆಟ್ಟದ ಕಲ್ಲೆಲ್ಲ ಗುಡಿಯದೇ.

"ಕಾಯಿ ಒಡೀದೆ ನಾನು ನಾಳೆ ವಿಮಾನ ಹತ್ತಲ್ಲ. ನೀನು ಹೋಗು" ಎಂದಳು.

"ನೀನೊಬ್ಳೇ ಇಲ್ಲಿದ್ದು ಏನ್ ಮಾಡ್ತೀಯೇ?"

"ಇಲ್ಲೂ ಕುರಿ ಅವೆ. ಕಾಯ್ಕಂಡಿರ್ತೀನಿ."

ಅವಳು ಆಡಿದರೆ ಆಡಿದ್ದೇ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಅದು ಗೊತ್ತಿತ್ತು. ಮುದ್ದಣ್ಣನಿಗೆ ಸಿಟ್ಟು ನೆತ್ತಿಗೇರಿತು. ರುಮಾಲು ಬಿಚ್ಚಿ ಒಗೆದು ಕಾಯಿ ಕಿತ್ತುಕೊಂಡ. ಅವನದು ಬೀರೇದೇವರ ಪೂಜಾರಿ ಮನೆತನ. ದೇವರೆದುರು ತಲೆಗೇ ಕಾಯಿ ಒಡೆದುಕೊಳ್ಳುವ ಪವಾಡ ತಾತನ ಕಾಲದಿಂದ ಬಂದದ್ದು. ಆದರೆ ಡೊಳ್ಳು ಬಡಿಯದೆ ದೇವರು ಮೈದುಂಬುವುದಿಲ್ಲ. ಇಲ್ಲಿ ಡೊಳ್ಳೆಲ್ಲಿ ತರುವುದು? ಸಿಟ್ಟೇ ಸಾಕಾಯಿತು.

"ನಿನ್ ಕಲ್ಲು ನೀನೇ ಇಟ್ಕಳಲೇ. ಇದು ನಮ್ಮಪ್ಪ ಕೊಟ್ಟ ತಲೆ" ಎಂದು ಕಾವಲುಗಾರನಿಗೆ ಗದರಿದವನೇ ಎರಡೂ ಕೈಯಲ್ಲಿ ಕಾಯಿ ಎತ್ತಿ ನೆತ್ತಿಗೆ ಬಡಿದ. ಫಟ್ಟನೆ ಎರಡು ಹೋಳು. ನೀರು ಹಣೆಯಿಂದ ಮೀಸೆಗಿಳಿಯಿತು.

ಬರಗೇರಮ್ಮ ಮುಖವರಳಿಸಿ ಬೆಟ್ಟಕ್ಕೆ ಕೈಮುಗಿದಳು. ಗಂಡನ ತಲೆ ತಡವಿ, ರಕ್ತವಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾವಲುಗಾರನಿಗೂ ಒಂದು ಚೂರು ಕಾಯಿ ನೀಡಿದಳು. ಬಾಯಿ ತೆರೆದು ನಿಂತಿದ್ದವನು ಗಡಿಬಿಡಿಯಿಂದ ಟೋಪಿ ತೆಗೆದು ತಲೆಬಾಗಿದ.

ಅವಳು ಆ ಟೋಪಿಯನ್ನು ತೆಗೆದುಕೊಂಡು ಮತ್ತೆ ಅವನ ತಲೆಗೇ ಇಟ್ಟಳು. "ಬ್ಯಾಡಪ್ಪ, ಹಾಕ್ಕಳಪ್ಪ. ನಾವು ತಂದಿದ್ದು ಒಂದೇ ಕಾಯಿ."