ವಾಕ್ಯದಲ್ಲಿ ಬಳಸು

"ಏಳನೇ ಕ್ಲಾಸು ಫೇಲಾದ ಎಮ್ಮೆ ನೀನು. ಎಫಿಕಸಿ ಅಂದ್ರೇನು, ಬೊಗಳು."

ದಿನಕ್ಕೊಂದು ಇಂಗ್ಲಿಷ್ ಪದ ಕೇಳಿ, ಉತ್ತರ ಬಾರದಿದ್ದರೆ ಹೆಂಡತಿಯನ್ನು ಉಪವಾಸ ಕೆಡವುವುದು ಮೇಷ್ಟ್ರ ಪದ್ಧತಿ. ತಾವು ಮಾತ್ರ ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ಅದ್ದಿ ನುಂಗಿ, ಆಗಲೇ ತಟ್ಟೆ ಬಳಿದಿದ್ದರು.

"ಔಷಧಿ ತನ್ನ ಕೆಲಸ ಮಾಡಿ ತೋರಿಸೋ ಶಕ್ತಿ," ಎಂದಳು ಹೆಂಡತಿ.

ಮೇಷ್ಟ್ರಿಗೆ ಉರಿದುಹೋಯಿತು. "ಮೂಲ?"

"ಲ್ಯಾಟಿನ್."

"ಯಾವನು ಹೇಳಿಕೊಟ್ಟನೇ? ಎಲ್ಲಿ, ವಾಕ್ಯದಲ್ಲಿ ಬಳಸು ನೋಡೋಣ."

ಅವಳು ಚಪ್ಪಲಿ ಮೆಟ್ಟಿಕೊಂಡಳು.

"ಹೇಗೂ ನನಗೆ ಊಟ ಹಾಕಲ್ವಲ್ಲ ಅಂತ ಇವತ್ತು ಸಾರಿಗೆ ಇಲಿ ಪಾಷಾಣ ಬೆರೆಸಿದೀನಿ. ಅದರ ಎಫಿಕಸಿ ಸಂಜೆಯೊಳಗೆ ನಿಮಗೇ ಗೊತ್ತಾಗುತ್ತೆ."

ಹೋಗಿಬರ್ತೀನಿ ಎನ್ನದೆ ಹೊಸ್ತಿಲು ದಾಟಿದವಳು ಮತ್ತೆ ಬರಲಿಲ್ಲ.