ನಾಲ್ಕನೆಯವರು

ಮೂವತ್ತು ವರ್ಷ ಯಾರಿಗೂ ಬೇಡವಾಗಿದ್ದ ರಾಕ್ ತಂಡದ ಹಾಡುಗಳು ಒಂದು ಕಾದಂಬರಿಯಿಂದಾಗಿ ಈಗ ಎಲ್ಲರ ಮೊಬೈಲಿನಲ್ಲಿದ್ದವು. ತಂಡ ಅಭ್ಯಾಸ ಮಾಡುತ್ತಿದ್ದ ಮನೆಯನ್ನು ಹುಡುಕಿಕೊಂಡು ಬಂದ ಹುಡುಗಿಯೊಬ್ಬಳು ಗೋಡೆಯ ಫೋಟೋ ನೋಡಿದಳು.

"ಹಾಡೋ ಡೆರಿಕ್, ಡ್ರಮ್ಸ್ ಮುನೀರ್, ಗಿಟಾರ್ ಸುಧೀಂದ್ರ. ಈ ನಾಲ್ಕನೆಯವರು ಯಾರು ತಾತ?"

"ನಾನೇ ಕಣಮ್ಮ. ಬೇಸ್ ಗಿಟಾರ್ ನುಡಿಸ್ತಿದ್ದೆ."

"ಸುಮ್ನಿರಿ ತಾತ! ಕಾದಂಬರೀಲಿ ಇರೋದು ಮೂರೇ ಜನ. ಎರಡು ಸಲ ಓದಿದೀನಿ."

ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ತಾತ ನಕ್ಕರು. ಆ ಮನೆಯಲ್ಲಿ ಇನ್ನೊಂದು ದನಿ ಕೇಳಿ ಬಹಳ ದಿನವಾಗಿತ್ತು.

"ತಮ್ಮ ಹೆಸರೂ ಹಾಕದೆ ಕಾದಂಬರಿ ಬರೆದ ಆ ಪುಣ್ಯಾತ್ಮರಿಗೆ ನಿಮ್ಮ ಮೇಲೆ ಏನು ಸಿಟ್ಟೋ! ಬಿಟ್ಟೇಬಿಟ್ಟಿದಾರಲ್ಲ?"

"ಸಿಟ್ಟೇನಿಲ್ಲಮ್ಮ. ತೀರಿಹೋದ ಮೂವರನ್ನ ಬರೀತಾ ಕೂತಿದ್ದೆ. ನಾನೊಬ್ಬ ಉಳಿದಿದೀನಿ ಅನ್ನೋದೇ ಮರೆತುಹೋಯ್ತು."