ಹಕ್ಕಿನ ಅವಧಿ

ಎಪ್ಪತ್ತು ದಾಟಿದ ಚೂಡಾಮಣಿಯವರ ಶಿಶುಗೀತೆಗಳ ಮೇಲೆ ಮೊಬೈಲ್ ಆ್ಯಪ್ ಕಂಪನಿಯೊಂದರ ಕಣ್ಣಿತ್ತು. ಮಕ್ಕಳ ಹಾಡಿನ ನಡುವೆ ಜಾಹೀರಾತು ತುರುಕುತ್ತಾರೆಂದು ಅವರು ಸಹಿ ಹಾಕಿರಲಿಲ್ಲ. ಆದರೂ ಕಂಪನಿಯ ಯತಿರಾಜ ಬೇಸರಿಸಿಕೊಂಡವನಲ್ಲ. ಕೃತಿಸ್ವಾಮ್ಯ ಕಾನೂನಿನ ತಿದ್ದುಪಡಿ ಸಮಿತಿಗೆ ಅವರು ಸದಸ್ಯೆಯಾದ ಮೇಲಂತೂ, ಪ್ರತಿ ಸಭೆ ಮುಗಿದಾಗ ಆ ಹಳೆಯ ಕಟ್ಟಡದ ಕಡಿದಾದ ಮೆಟ್ಟಿಲಲ್ಲಿ ಒಂದು ಹೆಜ್ಜೆ ಮುಂದೆ ನಿಂತು ಕೈ ಕೊಡುತ್ತಿದ್ದ.

"ನಿಧಾನ ಮೇಡಂ. ನೀವು ಬಿದ್ರೆ ಸಹಿ ಯಾರ ಹತ್ರ ಕೇಳ್ಲಿ?"

"ಹಕ್ಕು ನನ್ನ ಮಗಳಿಗೆ ಹೋಗುತ್ತಲ್ಲಪ್ಪ. ಅವಳು ನನಗಿಂತ ಜಗಮೊಂಡಿ!"

ಲೇಖಕರು ಸತ್ತ ಮೇಲೂ ಅರವತ್ತು ವರ್ಷ ಹಕ್ಕು ಉಳಿಯಬೇಕೆ, ಇಪ್ಪತ್ತು ಸಾಕೆ, ಇಲ್ಲ ಸಾವಿನೊಂದಿಗೇ ಮುಗಿದು ಕೃತಿ ಎಲ್ಲರದಾಗಬೇಕೆ? ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲ. ಚೂಡಾಮಣಿಯವರು ದಿನಗಟ್ಟಲೆ ಯೋಚಿಸಿದರು. ತಾನು ಹೋದ ಮೇಲಾದರೂ ಹಾಡುಗಳು ಬಡ ಮಕ್ಕಳಿಗೆ ಬಿಟ್ಟಿಯಾಗಿ ಸಿಗಲಿ ಎಂದು ಕೊನೆಗೆ ಮೂರನೆಯದಕ್ಕೇ ಕೈಯೆತ್ತಿದರು. ಅವರ ಒಂದು ಮತದಿಂದ ಅದು ಗೆದ್ದಿತು.

ಕಾನೂನು ಜಾರಿಯಾದ ದಿನ ಅದೇ ಕಟ್ಟಡದಲ್ಲಿ ಸಮಿತಿಯವರಿಗೆ ಸನ್ಮಾನವಿತ್ತು. ಚೂಡಾಮಣಿಯವರು ಶಾಲು ಹೊದ್ದು ಹೊರಬಂದಾಗ ಯತಿರಾಜ ಮೆಟ್ಟಿಲ ಬಳಿ ಕಾದಿದ್ದ.

"ಏನಪ್ಪ, ಇವತ್ತು ಕಾಗದ ತಂದಿಲ್ವಾ?"

"ಇನ್ನು ಸಹಿ ಬೇಕಾಗಲ್ಲ ಮೇಡಂ. ನಡೀರಿ."

ಅವರು ಎಂದಿನಂತೆ ಮುಂದಕ್ಕೆ ಕೈ ಚಾಚಿದರು. ಮುಂದೆ ಯಾರೂ ಇರಲಿಲ್ಲ; ಯತಿರಾಜನ ಉಸಿರು ಬೆನ್ನ ಹಿಂದೆ ಕೇಳುತ್ತಿತ್ತು.